ಕುದುರೆ, ಸವಾರ ಮತ್ತು ಕಾಣದ ನರಿ

ಇಂಗ್ಲೆಂಡಿನ ಬೇಟೆಯ ನಗೆಚಿತ್ರಗಳನ್ನು ಕುರಿತು

ಕುದುರೆಯನ್ನೇರಿದ ಮನುಷ್ಯನನ್ನು ಚಿತ್ರಿಸಲು ಕಲೆಗಾರನಿಗೆ ಎರಡು ಹಾದಿಗಳಿವೆ. ಒಂದು ರಾಜಮಾರ್ಗ. ಅಲ್ಲಿ ಕುದುರೆ ಮುಂಗಾಲನ್ನೆತ್ತಿ ನಿಂತಿರುತ್ತದೆ. ಸವಾರನ ಕೈಯಲ್ಲಿ ಖಡ್ಗವೋ ದಂಡವೋ ಇರುತ್ತದೆ. ಅವನ ದೃಷ್ಟಿ ದಿಗಂತದಲ್ಲಿ ನೆಟ್ಟಿರುತ್ತದೆ. ಲೋಕದ ಅನೇಕ ರಾಜಧಾನಿಗಳ ಚೌಕಗಳಲ್ಲಿ ಇಂಥ ಕಂಚಿನ ಸವಾರರನ್ನು ಕಾಣಬಹುದು. ಇನ್ನೊಂದು, ಅದೇ ಸವಾರ ಮರುಕ್ಷಣದಲ್ಲಿ ಏನಾದನೆಂಬುದನ್ನು ತೋರಿಸುವ ಹಾದಿ. ಅಲ್ಲಿ ಟೋಪಿ ಒಂದು ಕಡೆ, ಚಾವಟಿ ಒಂದು ಕಡೆ. ಸವಾರ ಬೇಲಿಯಿಂದಾಚೆ, ಕುದುರೆ ಬೇಲಿಯಿಂದೀಚೆ. ಮೊದಲನೆಯ ಹಾದಿಯನ್ನು ಎಲ್ಲ ದೇಶದವರೂ ತುಳಿದಿದ್ದಾರೆ. ಎರಡನೆಯದನ್ನು ಹೆದ್ದಾರಿಯನ್ನಾಗಿ ಮಾಡಿದವರು ಇಂಗ್ಲಿಷರು.

ಹದಿನೆಂಟನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ, ಸುಮಾರು ಇನ್ನೂರು ವರ್ಷಗಳ ಕಾಲ, ಕುದುರೆ ಸವಾರಿಯನ್ನೂ ನರಿಬೇಟೆಯನ್ನೂ ಕುರಿತ ನಗೆಚಿತ್ರಗಳು ಆ ದೇಶದಲ್ಲಿ ಎಡೆಬಿಡದೆ ಬಂದವು. ಪುಸ್ತಕದ ಅಂಗಡಿಯ ಕಿಟಕಿಯಲ್ಲಿ, ವಾರಪತ್ರಿಕೆಯ ಪುಟದಲ್ಲಿ, ಊರ ಹೊರಗಿನ ಛತ್ರದ ಗೋಡೆಯ ಮೇಲೆ, ವಕೀಲರ ಕಚೇರಿಯಲ್ಲಿ, ಎಲ್ಲೆಲ್ಲಿಯೂ ಅವು ನೇತಾಡಿದವು. ಕಲಾವಿಮರ್ಶಕರು ಇವುಗಳನ್ನು ಅಷ್ಟಾಗಿ ಗಣನೆಗೆ ತಂದುಕೊಂಡವರಲ್ಲ. ಆದರೆ ಒಂದು ಜನಾಂಗ ತನ್ನ ಯಾವ ಅಭಿಮಾನವನ್ನು ತಾನೇ ನಕ್ಕು ಹಗುರ ಮಾಡಿಕೊಳ್ಳುತ್ತದೆ, ಯಾವುದನ್ನು ನಗೆಯ ಮರೆಯಲ್ಲಿ ಬಚ್ಚಿಡುತ್ತದೆ ಎಂಬುದನ್ನು ತಿಳಿಯಬೇಕೆನ್ನುವವರಿಗೆ ಈ ಚಿತ್ರಗಳು ಒಳ್ಳೆಯ ಸಾಕ್ಷಿ.

ಬೇಲಿ ಹುಟ್ಟಿದ ಬಗೆ

ನಗೆ ಹುಟ್ಟಲು ಮೊದಲು ಬೇಲಿ ಹುಟ್ಟಬೇಕಾಗಿತ್ತು. ಇಂಗ್ಲೆಂಡಿನ ಅರಸರೂ ಪ್ರಭುಗಳೂ ಹಿಂದೆ ಆಡುತ್ತಿದ್ದುದು ಜಿಂಕೆಯ ಬೇಟೆ. ನರಿಯನ್ನು ಕೋಳಿ ಕದಿಯುವ ಕ್ಷುದ್ರ ಪ್ರಾಣಿಯೆಂದು ಅವರು ಲಕ್ಷಿಸುತ್ತಿರಲಿಲ್ಲ. ಕಾಡು ಕಡಿಮೆಯಾದಂತೆ ಜಿಂಕೆಯೂ ಕಡಿಮೆಯಾಯಿತು. ನರಿಗೆ ಮರ್ಯಾದೆ ಬಂತು. ಲೀಸೆಸ್ಟರ್‌ಶೈರಿನ ಕ್ವಾರ್ನ್ ಎಂಬಲ್ಲಿ ಹ್ಯೂಗೋ ಮೇನೆಲ್ (೧೭೩೫–೧೮೦೮) ಎಂಬ ಜಮೀನುದಾರ ಸುಮಾರು ಅರ್ಧ ಶತಮಾನದಷ್ಟು ಕಾಲ ಬೇಟೆನಾಯಿಗಳ ಹಿಂಡನ್ನು ಸಾಕಿ, ವಾಸನೆಯ ಜಾಡನ್ನು ಬಿಡದೆ ವೇಗವಾಗಿಯೂ ಓಡಬಲ್ಲ ತಳಿಯನ್ನು ಬೆಳೆಸಿದ. ಅದಕ್ಕೆ ಹಿಂದೆ ಬೇಟೆಯೆಂದರೆ ನಸುಕಿನಲ್ಲಿ ಹೊರಟು, ಹೊಟ್ಟೆತುಂಬ ತಿಂದು ಓಡಲಾರದ ನರಿಯನ್ನು ನಿಧಾನವಾಗಿ ಹಿಂಬಾಲಿಸುವ ಕೆಲಸ. ಮೇನೆಲ್ಲನ ಕಾಲದಿಂದ ಅದು ಬಿಸಿಲೇರಿದ ಮೇಲೆ ಹೊರಡುವ, ಗಾಳಿಯ ವೇಗದಲ್ಲಿ ಸಾಗುವ ಓಟವಾಯಿತು.

ಅದೇ ಕಾಲದಲ್ಲಿ ಪಾರ್ಲಿಮೆಂಟಿನ ಕಾನೂನುಗಳ ಬಲದಿಂದ ಊರೊಟ್ಟಿನ ಬಯಲು ಹೊಲಗಳನ್ನೂ ಗೋಮಾಳಗಳನ್ನೂ ತುಂಡು ತುಂಡಾಗಿ ಹಂಚಿ, ಸುತ್ತಲೂ ಮುಳ್ಳುಬೇಲಿ ಬೆಳೆಸಿ, ಹಳ್ಳ ತೋಡಲಾಯಿತು. ಬಡ ರೈತನ ಪಾಲಿಗೆ ಆ ಬೇಲಿ ಜೀವನದ ಅಡ್ಡಗೋಡೆಯಾಯಿತು. ಕುದುರೆ ಸವಾರನ ಪಾಲಿಗೆ ಅದು ಆಟದ ಸಾಮಗ್ರಿಯಾಯಿತು. ಬೇಲಿಯಿದ್ದಲ್ಲಿ ಹಾರಬೇಕು, ಹಾರುವಲ್ಲಿ ಬೀಳುವವರೂ ಇರಬೇಕು, ಬಿದ್ದವರಿದ್ದಲ್ಲಿ ನಗುವವರಿಗೆ ಕೊರತೆಯಿಲ್ಲ. ಬೇಟೆಯ ನಗೆಚಿತ್ರದ ಮೂಲ ಬಂಡವಾಳ ಇಷ್ಟೆ.

ವೆನಿಸ್ಸಿನ ಅಶ್ವಾಧ್ಯಕ್ಷ

ಈ ಬಂಡವಾಳವನ್ನು ಮೊದಲು ಚೆನ್ನಾಗಿ ದುಡಿಸಿಕೊಂಡವನು ಹೆನ್ರಿ ವಿಲಿಯಂ ಬನ್‌ಬರಿ (೧೭೫೦–೧೮೧೧). ಇವನು ಹೊಟ್ಟೆಪಾಡಿಗಾಗಿ ಚಿತ್ರ ಬರೆದವನಲ್ಲ. ಸಫೋಕಿನ ಶ್ರೀಮಂತ ಮನೆತನದವನು. ಇವನ ಅಣ್ಣ ಸರ್ ಚಾರ್ಲ್ಸ್ ಬನ್‌ಬರಿಯ ಡಯೊಮೆಡ್ ಎಂಬ ಕುದುರೆಯೇ ೧೭೮೦ರಲ್ಲಿ ನಡೆದ ಮೊಟ್ಟಮೊದಲ ಡರ್ಬಿ ಪಂದ್ಯವನ್ನು ಗೆದ್ದದ್ದು. ಅಣ್ಣ ಕುದುರೆಯಿಂದ ಕೀರ್ತಿ ಪಡೆದ. ತಮ್ಮ ಕುದುರೆಯಿಂದ ಬೀಳುವವರಿಂದ ಕೀರ್ತಿ ಪಡೆದ.

೧೭೮೭ರಲ್ಲಿ ಬನ್‌ಬರಿಯ ಚಿತ್ರಗಳೊಡನೆ ‘ಬೆಳೆದ ಸವಾರರ ವಿದ್ಯಾಪೀಠ’ ಎಂಬರ್ಥದ ಹೆಸರಿನ ಪುಸ್ತಕವೊಂದು ಹೊರಬಂತು. ಮಕ್ಕಳಾಗಿದ್ದಾಗ ಸವಾರಿ ಕಲಿಯದೆ, ಹೊಟ್ಟೆ ಬಂದ ಮೇಲೆ ಕುದುರೆ ಕೊಂಡವರಿಗಾಗಿ ಇದು ಎಂಬುದು ಹೆಸರಿನಲ್ಲೇ ಇರುವ ಕುಚೋದ್ಯ. ಲೇಖಕನ ಹೆಸರು ಜೆಫ್ರಿ ಗಂಬಾಡೋ ಎಂದಿತ್ತು. ಗಂಬಾಡೋ ಎಂದರೆ ಕುದುರೆಯ ನೆಗೆತವೆಂದೂ, ಜೀನಿಗೆ ಕಟ್ಟಿದ ತೊಗಲಿನ ಕಾಲ್ಚೀಲವೆಂದೂ ಅರ್ಥ. ಈ ಕಲ್ಪಿತ ಪಂಡಿತ ತಾನು ವೆನಿಸ್ ನಗರದ ಅಧಿಪತಿಯ ಅಶ್ವಾಧ್ಯಕ್ಷನಾಗಿದ್ದವನೆಂದು ಹೇಳಿಕೊಳ್ಳುತ್ತಾನೆ. ವೆನಿಸ್ ಕಾಲುವೆಗಳ ನಗರ. ಅಲ್ಲಿ ಓಡಾಟವೆಲ್ಲ ದೋಣಿಯಲ್ಲಿ. ಕುದುರೆಯೇ ಇಲ್ಲದ ಊರಿನಲ್ಲಿ ಕುದುರೆಗಳ ಮೇಲ್ವಿಚಾರಕನಾಗಿದ್ದವನು ಲೋಕಕ್ಕೆ ಸವಾರಿ ಕಲಿಸಲು ಹೊರಟಿದ್ದಾನೆ!

ಪುಸ್ತಕದಲ್ಲಿ ಹನ್ನೆರಡು ಚಿತ್ರಗಳು. ಪ್ರತಿಯೊಂದರ ಕೆಳಗೂ ಪಾಠಪುಸ್ತಕದ ಗಂಭೀರ ಶೈಲಿಯಲ್ಲಿ ಒಂದು ಶೀರ್ಷಿಕೆ: ಕುದುರೆಯನ್ನು ಇಷ್ಟಬಂದಾಗ ನಿಲ್ಲಿಸುವ ಕ್ರಮ, ಇಳಿಜಾರಿನಲ್ಲಿ ಸೊಗಸಾಗಿ ಸವಾರಿ ಮಾಡುವ ಕ್ರಮ, ದಾರಿ ತಪ್ಪುವ ಕ್ರಮ, ಕುದುರೆಯಿಂದ ಅಪಹೃತನಾಗುವ ಕ್ರಮ ಎಂಬಂತೆ. ಮಾತು ಕಲಿಸುತ್ತದೆ, ಚಿತ್ರ ಆ ಕಲಿಕೆಯ ಫಲವನ್ನು ತೋರಿಸುತ್ತದೆ. ಎರಡರ ನಡುವಣ ಅಂತರದಲ್ಲಿ ನಗೆ ಹುಟ್ಟುತ್ತದೆ. ಬನ್‌ಬರಿಯ ಕುದುರೆಗಳು ದುಷ್ಟಮೃಗಗಳಲ್ಲ. ಅವುಗಳ ಮುಖದಲ್ಲಿ ಒಂದು ಬಗೆಯ ತಾಳ್ಮೆಯಿದೆ, ಮೇಲೆ ಕುಳಿತವನನ್ನು ಕಂಡು ಸಣ್ಣ ಬೇಸರವಿದೆ. ಮುಂದೆ ಬಂದ ನಗೆಚಿತ್ರಕಾರರೆಲ್ಲ ಇವನಿಂದ ಕಲಿತ ಪಾಠ ಇದೇ: ಜೋಡಿಯಲ್ಲಿ ಬುದ್ಧಿವಂತ ಪ್ರಾಣಿ ಕೆಳಗಿನದು.

ಇದಕ್ಕೆ ಐದು ವರ್ಷ ಹಿಂದೆ, ೧೭೮೨ರಲ್ಲಿ, ವಿಲಿಯಂ ಕೂಪರ್ ಕವಿ ಬಟ್ಟೆ ವ್ಯಾಪಾರಿ ಜಾನ್ ಗಿಲ್ಪಿನ್ನನ ಕಥೆಯನ್ನು ಲಾವಣಿಯಾಗಿ ಹಾಡಿದ್ದ. ಮದುವೆಯ ವಾರ್ಷಿಕೋತ್ಸವಕ್ಕೆಂದು ಎರವಲು ಕುದುರೆಯೇರಿ ಹೊರಟ ಗಿಲ್ಪಿನ್ ಇಳಿಯಬೇಕಾದಲ್ಲಿ ಇಳಿಯಲಾರದೆ ಊರೂರು ದಾಟಿ ಹೋಗುವ ಆ ಕಥನ ನಮ್ಮ ದೇಶದ ಶಾಲೆಗಳ ಇಂಗ್ಲಿಷ್ ಪಾಠಗಳಲ್ಲಿಯೂ ಹಿಂದೆ ಸೇರಿದ್ದುಂಟು. ಅಂಗಡಿಯವನು ಕುದುರೆಯೇರಿದರೆ ಅದು ಹಾಸ್ಯ ಎಂಬ ಸೂತ್ರ ಕಾವ್ಯದಲ್ಲಿಯೂ ಚಿತ್ರದಲ್ಲಿಯೂ ಒಟ್ಟಿಗೇ ಬೇರೂರಿತು. ಈ ಸೂತ್ರದಲ್ಲಿ ಒಂದು ವಿಷದ ಹನಿಯೂ ಇದೆ. ಅದನ್ನು ಮುಂದೆ ನೋಡೋಣ.

ಆಲ್ಕೆನ್ ಮತ್ತು ಅವನ ನಾಯಕ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬೇಟೆಯ ಚಿತ್ರವೆಂದರೆ ಹೆನ್ರಿ ಆಲ್ಕೆನ್ (೧೭೮೫–೧೮೫೧) ಎಂಬಂತಾಯಿತು. ಇವನು ತನ್ನ ಮೊದಮೊದಲ ಚಿತ್ರಗಳಿಗೆ ಬೆನ್ ಟ್ಯಾಲಿಹೋ ಎಂದು ರುಜು ಹಾಕುತ್ತಿದ್ದ. ಟ್ಯಾಲಿಹೋ ಎಂಬುದು ನರಿ ಕಣ್ಣಿಗೆ ಬಿದ್ದಾಗ ಬೇಟೆಗಾರ ಹಾಕುವ ಕೂಗು. ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚೊತ್ತಿ, ಆ ಬಳಿಕ ಪ್ರತಿಯೊಂದು ಪ್ರತಿಗೂ ಕೈಯಿಂದ ಬಣ್ಣ ಬಳಿಯುವ ಪದ್ಧತಿ ಅಂದು ಬಳಕೆಯಲ್ಲಿತ್ತು. ಕೆಂಪು ಕೋಟು, ಬಿಳಿಯ ಚಲ್ಲಣ, ಕಂದು ಕುದುರೆ, ಹಸುರು ಹೊಲ: ಈ ನಾಲ್ಕು ಬಣ್ಣಗಳಲ್ಲಿ ಆಲ್ಕೆನ್ ಒಂದು ಲೋಕವನ್ನೇ ಕಟ್ಟಿದ. ೧೮೨೨ರ ‘ವಿನೋದದ ಲಕ್ಷಣಗಳು’ ಎಂಬರ್ಥದ ಚಿತ್ರಮಾಲೆಯಂಥವುಗಳಲ್ಲಿ ಹಳ್ಳಕ್ಕೆ ಬಿದ್ದವರು, ಮರದ ಕೊಂಬೆಗೆ ಸಿಕ್ಕವರು, ಕುದುರೆಯ ಕೊರಳನ್ನು ತಬ್ಬಿ ಹಿಡಿದವರು ಸಾಲುಸಾಲಾಗಿ ಬರುತ್ತಾರೆ.

ಆಲ್ಕೆನ್ನನ ಕುದುರೆ ಓಡುವಾಗ ಮುಂಗಾಲೆರಡನ್ನೂ ಮುಂದಕ್ಕೆ, ಹಿಂಗಾಲೆರಡನ್ನೂ ಹಿಂದಕ್ಕೆ ಚಾಚಿ ನೆಲ ಮುಟ್ಟದೆ ತೇಲುತ್ತದೆ. ಆಗಿನ ಕಲೆಗಾರರೆಲ್ಲ ಹಾಗೆಯೇ ಬರೆಯುತ್ತಿದ್ದರು. ೧೮೭೮ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಡುವ ಕುದುರೆಯ ಚಿತ್ರಗಳನ್ನು ಸಾಲಾಗಿ ತೆಗೆದು, ನಾಲ್ಕು ಕಾಲೂ ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ ಮಾತ್ರ ಎಂದು ತೋರಿಸಿದ. ವಿಜ್ಞಾನಕ್ಕೆ ಸುಳ್ಳಾದರೂ ಆಲ್ಕೆನ್ನನ ತೇಲುವ ಕುದುರೆ ವೇಗದ ಭಾವಕ್ಕೆ ಸುಳ್ಳಲ್ಲ. ಕಣ್ಣು ಕಂಡದ್ದನ್ನು ಕೈ ಬರೆಯಿತು.

ಆಲ್ಕೆನ್ನನ ಅತ್ಯಂತ ಪ್ರಸಿದ್ಧ ಚಿತ್ರಮಾಲೆ ೧೮೩೯ರದು. ಇಪ್ಸ್‌ವಿಚ್ಚಿನಲ್ಲಿ ಬೀಡುಬಿಟ್ಟಿದ್ದ ಅಶ್ವದಳದ ಅಧಿಕಾರಿಗಳು ೧೮೦೩ರಲ್ಲಿ ಒಂದು ರಾತ್ರಿ ಊಟದ ಮೇಜಿನಿಂದೆದ್ದು, ಸಮವಸ್ತ್ರದ ಮೇಲೆ ಬಿಳಿಯ ರಾತ್ರಿಯಂಗಿಯನ್ನೂ ತಲೆಗೆ ಕುಲಾವಿಯನ್ನೂ ಹಾಕಿಕೊಂಡು, ಬೆಳುದಿಂಗಳಲ್ಲಿ ದೂರದ ಚರ್ಚಿನ ಗೋಪುರವನ್ನು ಗುರಿಯಾಗಿಟ್ಟು ಬೇಲಿ ಹಾರುತ್ತ ಸಾಗಿದರೆಂಬ ಕಥೆ ಅದರ ವಸ್ತು. ನಡೆದದ್ದೋ ಕಟ್ಟಿದ್ದೋ, ದೆವ್ವಗಳ ದಿಬ್ಬಣದಂತೆ ತೋರುವ ಆ ಬಿಳಿಯಂಗಿಯ ಸವಾರರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆಲ್ಕೆನ್ನನ ಕುಂಚಕ್ಕೆ ಸಿಕ್ಕ ನಿಜವಾದ ನಾಯಕ ಜಾನ್ ಮಿಟನ್ (೧೭೯೬–೧೮೩೪). ಶ್ರಾಪ್‌ಶೈರಿನ ಹಾಲ್‌ಸ್ಟನ್ನಿನ ಈ ಜಮೀನುದಾರನ ಜೀವನಚರಿತ್ರೆಯನ್ನು ನಿಮ್ರಾಡ್ ಎಂಬ ಗುಪ್ತನಾಮದ ಚಾರ್ಲ್ಸ್ ಜೇಮ್ಸ್ ಆಪರ್ಲಿ ಬರೆದ. ಆಲ್ಕೆನ್ ಮತ್ತು ರಾಲಿನ್ಸ್ ಚಿತ್ರಿಸಿದರು. ಮಿಟನ್ ಬೇಟೆಯ ಉಡುಪಿನಲ್ಲಿ ಕರಡಿಯ ಮೇಲೆ ಕುಳಿತು ಅತಿಥಿಗಳಿಂದ ತುಂಬಿದ ತನ್ನ ಮನೆಯ ಹಜಾರಕ್ಕೆ ಬಂದದ್ದು ಒಂದು ಚಿತ್ರ. ಅವನು ಹಿಮ್ಮಡಿಯ ಮುಳ್ಳಿನಿಂದ ತಿವಿದಾಗ ಕರಡಿ ಅವನ ಮೀನಖಂಡವನ್ನೇ ಕಚ್ಚಿತಂತೆ. ಬಿಕ್ಕಳಿಕೆ ನಿಲ್ಲಲೆಂದು ತೊಟ್ಟ ಅಂಗಿಗೆ ತಾನೇ ಬೆಂಕಿಯಿಟ್ಟುಕೊಂಡದ್ದು ಇನ್ನೊಂದು ಚಿತ್ರ. ಆ ವೇಳೆಗೆ ಅವನು ಸಾಲಗಾರರಿಗೆ ಹೆದರಿ ಫ್ರಾನ್ಸಿನ ಕ್ಯಾಲೇ ಪಟ್ಟಣಕ್ಕೆ ಓಡಿಹೋಗಿದ್ದ. ಅಪಾರವಾದ ಪಿತ್ರಾರ್ಜಿತವನ್ನು ಕರಗಿಸಿ, ಮೂವತ್ತೇಳನೆಯ ವಯಸ್ಸಿನಲ್ಲಿ ಲಂಡನ್ನಿನ ಸಾಲಗಾರರ ಸೆರೆಮನೆಯಲ್ಲಿ ಸತ್ತ. ಉರಿಯುವ ಅಂಗಿಯ ಚಿತ್ರವನ್ನು ಮೊದಲು ನೋಡಿದಾಗ ನಗೆ ಬರುತ್ತದೆ. ಕಥೆ ತಿಳಿದು ಎರಡನೆಯ ಸಲ ನೋಡಿದಾಗ ಆ ನಗೆ ಅಷ್ಟು ಸಲೀಸಾಗಿ ಬಾರದು. ಇವರ ಮೋಜನ್ನು ಮಾರಿ ಬದುಕಿದ ಆಲ್ಕೆನ್ನನೂ ಕೊನೆಗೆ ಬಡತನದಲ್ಲಿಯೇ ತೀರಿಕೊಂಡ.

ದಿನಸಿ ವ್ಯಾಪಾರಿಯ ದಿಗ್ವಿಜಯ

ನಗೆಚಿತ್ರಕ್ಕೂ ಇಂಗ್ಲಿಷ್ ಕಾದಂಬರಿಗೂ ಇರುವ ನಂಟು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದ ವಿಷಯ. ೧೮೩೬ರಲ್ಲಿ ರಾಬರ್ಟ್ ಸೀಮರ್ ಎಂಬ ಚಿತ್ರಕಾರ ಲಂಡನ್ನಿನ ಪೇಟೆಯ ಜನ ಬಂದೂಕು ಹಿಡಿದು, ಗಾಳ ಹಿಡಿದು, ಕುದುರೆಯೇರಿ ಪಡುವ ಪಾಡನ್ನು ಚಿತ್ರಮಾಲೆಯಾಗಿ ಬರೆಯುವ ಯೋಜನೆಯನ್ನು ಪ್ರಕಾಶಕರ ಮುಂದಿಟ್ಟ. ಚಿತ್ರಗಳಿಗೆ ಹೊಂದಿಸಿ ನಾಲ್ಕು ಮಾತು ಬರೆಯಲು ಇಪ್ಪತ್ತನಾಲ್ಕು ವರ್ಷದ ಪತ್ರಿಕಾ ವರದಿಗಾರನೊಬ್ಬನನ್ನು ಗೊತ್ತುಮಾಡಿದರು. ಆ ವರದಿಗಾರ ಚಾರ್ಲ್ಸ್ ಡಿಕನ್ಸ್. ಮಾತಿಗೆ ಚಿತ್ರ ಹೊಂದಬೇಕೆಂದು ಅವನು ಹಟ ಹಿಡಿದ. ಬೇಟೆ ಹಿಂದಕ್ಕೆ ಸರಿದು ಪಿಕ್‌ವಿಕ್ ಮುಂದಕ್ಕೆ ಬಂದ. ಕುದುರೆಯನ್ನು ಏರಲಾರದೆ ಒದ್ದಾಡುವ ವಿಂಕಲ್ ಮಾತ್ರ ಮೂಲ ಯೋಜನೆಯ ಕುರುಹಾಗಿ ಆ ಕೃತಿಯಲ್ಲಿ ಉಳಿದ. ಸೀಮರ್ ಕೆಲವು ಚಿತ್ರಗಳನ್ನಷ್ಟೇ ಮುಗಿಸಿ ಅದೇ ವರ್ಷದ ಏಪ್ರಿಲಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಇಂಗ್ಲಿಷ್ ಹಾಸ್ಯ ಕಾದಂಬರಿಯ ಒಂದು ಶಿಖರದ ಅಡಿಗಲ್ಲಿನಲ್ಲಿ ಈ ಸಾವೂ ಇದೆ.

ಸೀಮರ್ ಬರೆಯಲೆಂದಿದ್ದ ಲೋಕವನ್ನು ಆ ಮೊದಲೇ ಅಕ್ಷರದಲ್ಲಿ ತಂದಿದ್ದವನು ರಾಬರ್ಟ್ ಸ್ಮಿತ್ ಸರ್ಟೀಸ್ (೧೮೦೫–೧೮೬೪). ಡರ್ಹಾಮ್ ಪ್ರಾಂತದ ಜಮೀನುದಾರನ ಮಗ. ವಕೀಲಿ ಕಲಿತು ಬಿಟ್ಟವನು. ೧೮೩೧ರಲ್ಲಿ ಬೇಟೆಯ ಪತ್ರಿಕೆಯೊಂದನ್ನು ಸ್ಥಾಪಿಸಿದವನು. ಅವನ ಜಾರಕ್ಸ್ ಲಂಡನ್ನಿನ ದಿನಸಿ ವ್ಯಾಪಾರಿ. ಚಹಾ ಮಾರಿ ಹಣ ಮಾಡಿದ, ಹೊಟ್ಟೆ ಬೆಳೆದ, ವ್ಯಾಕರಣದ ಗೊಡವೆಯಿಲ್ಲದ ಈ ಸೆಟ್ಟಿಗೆ ನರಿಬೇಟೆಯ ಹುಚ್ಚು. ‘ಹ್ಯಾಂಡ್ಲಿ ಕ್ರಾಸ್’ (೧೮೪೩) ಕಾದಂಬರಿಯಲ್ಲಿ ಅವನು ಒಂದು ಊರಿನ ಬೇಟೆನಾಯಿಗಳ ಯಜಮಾನನೇ ಆಗುತ್ತಾನೆ. ನಾಳೆ ಬೇಟೆಗೆ ಹವೆ ಹೇಗಿದೆ ನೋಡೆಂದು ರಾತ್ರಿ ತನ್ನ ಬೇಟೆಯಾಳು ಪಿಗ್ಗನನ್ನು ಕಳುಹಿಸಿದರೆ, ಕುಡಿದ ಅಮಲಿನಲ್ಲಿ ಅವನು ಕಿಟಕಿಯೆಂದು ಬೀರುವಿನ ಬಾಗಿಲನ್ನು ತೆರೆದು, ಹೊರಗೆ ಗಾಢಾಂಧಕಾರವೆಂದೂ ಚೀಸಿನ ವಾಸನೆ ಬರುತ್ತಿದೆಯೆಂದೂ ವರದಿ ಒಪ್ಪಿಸುತ್ತಾನೆ.

ಗಿಲ್ಪಿನ್ನನನ್ನು ನೋಡಿ ಜನ ನಕ್ಕದ್ದು ಅವನು ತನ್ನ ಅಂತಸ್ತಿಗೆ ಮೀರಿದ ಜೀನಿನ ಮೇಲೆ ಕುಳಿತನೆಂದು. ಜಾರಕ್ಸನ ವಿಷಯದಲ್ಲಿಯೂ ಸರ್ಟೀಸ್ ಅಲ್ಲಿಂದಲೇ ಆರಂಭಿಸುತ್ತಾನೆ. ಆದರೆ ಕಥೆ ಬೆಳೆದಂತೆ ಕೆಂಪು ಕೋಟು ತೊಟ್ಟ ಪ್ರಭುಗಳಲ್ಲಿ ಅನೇಕರು ಬೇಟೆಗೆ ಬರುವುದು ಉಡುಪು ತೋರಿಸಲು, ಕುದುರೆ ಮಾರಲು, ಮಗಳಿಗೆ ಗಂಡು ಹುಡುಕಲು ಎಂಬುದು ಹೊರಬೀಳುತ್ತದೆ. ಬೇಟೆಯನ್ನು ಬೇಟೆಗಾಗಿಯೇ ಪ್ರೀತಿಸುವವನು ದಿನಸಿ ವ್ಯಾಪಾರಿಯೊಬ್ಬನೇ. ಅಪಹಾಸ್ಯದ ಬಾಣ ಹಿಂದಿರುಗಿ ಬಿಟ್ಟವರ ಕಡೆಗೇ ಬರುತ್ತದೆ. ಸರ್ಟೀಸನನ್ನು ಕೇವಲ ಬೇಟೆಗಾರರ ಲೇಖಕನೆಂದು ತಳ್ಳಿಹಾಕಲಾಗದ್ದು ಈ ಕಾರಣದಿಂದ.

ಜಾನ್ ಲೀಚ್

ಸರ್ಟೀಸನ ಮಾತಿಗೆ ತಕ್ಕ ರೇಖೆ ದೊರೆತದ್ದು ಜಾನ್ ಲೀಚನಲ್ಲಿ (೧೮೧೭–೧೮೬೪). ‘ಮಿಸ್ಟರ್ ಸ್ಪಂಜನ ಬೇಟೆಯ ಪ್ರವಾಸ’ವೂ (೧೮೫೩) ‘ಹ್ಯಾಂಡ್ಲಿ ಕ್ರಾಸ್’ ಕಾದಂಬರಿಯ ಹೊಸ ಆವೃತ್ತಿಯೂ (೧೮೫೪) ಲೀಚನ ಬಣ್ಣದ ಚಿತ್ರಗಳೊಡನೆ ತಿಂಗಳ ಕಂತುಗಳಲ್ಲಿ ಬಂದವು. ಲೀಚ್ ಲಂಡನ್ನಿನ ಕಾಫಿ ಹೋಟೆಲಿನ ಯಜಮಾನನ ಮಗ. ಶಾಲೆಯಲ್ಲಿ ಥ್ಯಾಕರೆಯ ಒಡನಾಡಿ. ವೈದ್ಯ ವಿದ್ಯಾರ್ಥಿಯಾಗಿ ಶರೀರರಚನೆಯ ಚಿತ್ರಗಳನ್ನು ಬರೆದು ಕೈ ಪಳಗಿಸಿಕೊಂಡ. ತಂದೆಯ ವ್ಯಾಪಾರ ಮುಳುಗಿದ್ದರಿಂದ ಓದು ಬಿಟ್ಟು ಚಿತ್ರವನ್ನೇ ವೃತ್ತಿಯನ್ನಾಗಿ ಮಾಡಿಕೊಂಡ. ಡಿಕನ್ಸನ ‘ಕ್ರಿಸ್ಮಸ್ ಕ್ಯಾರೊಲ್’ ಕಥೆಗೆ (೧೮೪೩) ಚಿತ್ರ ಬರೆದವನೂ ಇವನೇ. ೧೮೪೧ರಲ್ಲಿ ‘ಪಂಚ್’ ಪತ್ರಿಕೆಯನ್ನು ಸೇರಿ ಸಾಯುವವರೆಗೆ ಸುಮಾರು ಮೂರು ಸಾವಿರ ಚಿತ್ರಗಳನ್ನು ಅದಕ್ಕೆ ಕೊಟ್ಟ.

ಪಂಚಿನ ಚಿತ್ರ ತಯಾರಾಗುತ್ತಿದ್ದುದು ಹೀಗೆ: ಕಲೆಗಾರ ನಯಗೊಳಿಸಿದ ಮರದ ಅಚ್ಚಿನ ಮೇಲೆ ನೇರವಾಗಿ ಗೆರೆ ಎಳೆಯುತ್ತಿದ್ದ; ಕೆತ್ತನೆಗಾರ ಗೆರೆಯನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಿದ್ದ; ಮುದ್ರಕ ಅದನ್ನು ಅಕ್ಷರದ ಮೊಳೆಗಳ ಜೊತೆಗೆ ಜೋಡಿಸಿ ಅಚ್ಚು ಹಾಕುತ್ತಿದ್ದ. ಆದ್ದರಿಂದಲೇ ಬೇಟೆಯ ವಿನೋದ ಶ್ರೀಮಂತರ ಗ್ರಂಥಭಂಡಾರದಿಂದ ಇಳಿದು ಕೆಲವು ಪೆನ್ನಿಗಳಿಗೆ ಗುಮಾಸ್ತನ ಮನೆಗೂ ಬಂತು. ಅದೇ ಕಾಲಕ್ಕೆ ರೈಲೂ ಬಂತು. ಹೊಲಗಳನ್ನು ಸೀಳುವ ಕಬ್ಬಿಣದ ಹಳಿ ಬೇಟೆಯನ್ನೇ ಕೊಲ್ಲುವುದೆಂದು ಹಳಬರು ಅಂಜಿದರು. ನಡೆದದ್ದು ಬೇರೆ. ಲಂಡನ್ನಿನ ವ್ಯಾಪಾರಿ ಬೆಳಿಗ್ಗೆ ಕುದುರೆಯನ್ನೂ ರೈಲಿನಲ್ಲೇರಿಸಿಕೊಂಡು ಹೋಗಿ ಬೇಟೆಯಾಡಿ ರಾತ್ರಿ ಮನೆಗೆ ಬರುವಂತಾಯಿತು. ಲೀಚನ ಬ್ರಿಗ್ಸ್ ಇಂಥ ಮಧ್ಯಮವರ್ಗದ ಸಂಸಾರಿ. ಮೀನು ಹಿಡಿಯಲು ಹೋದರೆ ನೀರಿಗೆ ಬೀಳುತ್ತಾನೆ, ಕುದುರೆಯೇರಿದರೆ ನೆಲಕ್ಕೆ ಬೀಳುತ್ತಾನೆ. ಆದರೂ ಮರುವಾರ ಹುರುಪಿನಿಂದ ಹೊರಡುತ್ತಾನೆ. ಕೆಂಪು ಕೋಟಿನ ಗಂಡಸರು ಹಿಂದೆಗೆದ ಬೇಲಿಯನ್ನು ಒಂದೇ ಮಗ್ಗುಲಾಗಿ ಕುಳಿತ ತರುಣಿ ನಿರಾಯಾಸವಾಗಿ ದಾಟುವುದೂ ಲೀಚನ ಪ್ರಿಯವಾದ ವಸ್ತು.

ಲೀಚ್ ಸ್ವತಃ ಬೇಟೆಗೆ ಹೋಗುತ್ತಿದ್ದವನು. ಆದ್ದರಿಂದ ಅವನ ಬೀಳುವ ಸವಾರರಲ್ಲಿ ದ್ವೇಷವಿಲ್ಲ. ೧೮೬೨ರಲ್ಲಿ ತನ್ನ ಚಿತ್ರಗಳನ್ನು ರಬ್ಬರಿನ ಹಾಳೆಯ ಮೇಲೆ ಅಚ್ಚೊತ್ತಿಸಿ, ಆ ಹಾಳೆಯನ್ನು ಹಿಗ್ಗಿಸಿ, ದೊಡ್ಡದಾದ ಆಕೃತಿಯನ್ನು ಕ್ಯಾನ್ವಾಸಿಗೆ ಇಳಿಸಿ ತೈಲವರ್ಣ ತುಂಬಿ ಪ್ರದರ್ಶಿಸಿದಾಗ ಲಂಡನ್ನೇ ನೋಡಲು ಬಂತು. ಆದರೆ ನಗಿಸುವ ಮನುಷ್ಯನ ನರಗಳು ಸವೆದಿದ್ದವು. ಬೀದಿಯ ವಾದ್ಯಗಾರರ ಸದ್ದೂ ಅವನಿಗೆ ಹಿಂಸೆಯಾಗುತ್ತಿತ್ತು. ೧೮೬೪ರ ಅಕ್ಟೋಬರಿನಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಲೀಚ್ ತೀರಿಕೊಂಡ. ಸರ್ಟೀಸ್ ಅದೇ ವರ್ಷದ ಮಾರ್ಚಿನಲ್ಲಿ ಹೋಗಿದ್ದ. ಅವರಿಬ್ಬರ ಕೊನೆಯ ಕಾದಂಬರಿಯ ಮಿಕ್ಕ ಚಿತ್ರಗಳನ್ನು ಡಿಕನ್ಸನ ಚಿತ್ರಕಾರ ಫಿಜ್ ಬರೆದು ಮುಗಿಸಿದ.

ನೀಲಗಿರಿಯಿಂದ ತಟ್ಟುಗುದುರೆಯವರೆಗೆ

ಲೀಚನ ಬಳಿಕ ಹಾಸ್ಯ ಇನ್ನಷ್ಟು ಮೃದುವಾಯಿತು. ಬ್ಯಾಂಕಿನ ಗುಮಾಸ್ತನಾಗಿದ್ದು ಚಿತ್ರಕಾರನಾದ ರ‍್ಯಾಂಡಾಲ್ಫ್ ಕಾಲ್ಡೆಕಾಟ್ (೧೮೪೬–೧೮೮೬) ೧೮೭೮ರಲ್ಲಿ ಗಿಲ್ಪಿನ್ನನನ್ನು ಮಕ್ಕಳಿಗಾಗಿ ಚಿತ್ರಿಸಿದ. ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಇಂದಿಗೂ ಕೊಡುವ ಕಾಲ್ಡೆಕಾಟ್ ಪದಕದ ಮೇಲೆ ಅಂಕೆ ಮೀರಿ ಓಡುವ ಆ ಕುದುರೆಯೇ ಇದೆ. ೧೮೮೦ರ ಅವನ ಇನ್ನೊಂದು ಪುಸ್ತಕದಲ್ಲಿ ಮೂವರು ಉಲ್ಲಾಸಿ ಬೇಟೆಗಾರರು ದಿನವಿಡೀ ಅಲೆದು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಮುಂದೆ ಸೆಸಿಲ್ ಆಲ್ಡಿನ್ (೧೮೭೦–೧೯೩೫) ನಾಯಿಗಳ ಮುಖದಲ್ಲಿ ಮನುಷ್ಯರ ಗುಣಗಳನ್ನು ಬರೆದ. ಸ್ನ್ಯಾಫಲ್ಸ್ ಎಂಬ ಗುಪ್ತನಾಮದ ಚಾರ್ಲ್ಸ್ ಜಾನ್ಸನ್ ಪೇನ್ (೧೮೮೪–೧೯೬೭) ಸವಾರನ ಕಣ್ಣಿನಿಂದಲೇ, ಕುದುರೆಯ ಎರಡು ಕಿವಿಗಳ ನಡುವೆ ಕಾಣುವ ಹೊಲ ಬೇಲಿಗಳನ್ನು ಬರೆದು ಹೆಸರಾದ. ಭಾರತಕ್ಕೂ ಬಂದು ಹಂದಿಬೇಟೆಯನ್ನು ಚಿತ್ರಿಸಿದ ಇವನ ೧೯೩೬ರ ಪುಸ್ತಕದ ಹೆಸರಿನಲ್ಲಿ ನಮ್ಮ ‘ಬಂದೋಬಸ್ತ್’ ಎಂಬ ಮಾತೇ ಇದೆ.

ಇಂಗ್ಲಿಷರು ಹೋದಲ್ಲೆಲ್ಲ ಈ ಆಟವನ್ನೂ ಒಯ್ದರು. ನಮ್ಮ ನೆರೆಯ ನೀಲಗಿರಿಯಲ್ಲಿ, ಊಟಿಯ ಹುಲ್ಲುಗಾವಲಿನ ದಿಣ್ಣೆಗಳ ಮೇಲೆ, ಇಂಗ್ಲೆಂಡಿನಿಂದ ತಂದ ತಳಿಯ ನಾಯಿಗಳೊಡನೆ, ಅದೇ ಕೆಂಪು ಕೋಟು ತೊಟ್ಟು ಅವರು ಬೇಟೆಯಾಡಿದರು. ಅಲ್ಲಿ ಅವರ ದೇಶದ ನರಿ ಇರಲಿಲ್ಲ, ಗುಳ್ಳೆನರಿಯನ್ನು ಅಟ್ಟಿದರು. ನಮ್ಮ ಆಡುಮಾತಿನಲ್ಲಿ ಎರಡಕ್ಕೂ ನರಿಯೆಂಬ ಒಂದೇ ಹೆಸರಿರುವುದರಿಂದ ಕನ್ನಡಿಗನ ಕಿವಿಗೆ ಅದರಲ್ಲಿ ವ್ಯತ್ಯಾಸ ಕಾಣದು. ಅವರಿಗೆ ಮಾತ್ರ ಅದು ಮನೆಯ ನೆನಪಿಗೆ ಹಾಕಿಕೊಂಡ ಬದಲಿ ವೇಷ.

ಈ ಪರಂಪರೆಯ ಕೊನೆಯ ದೊಡ್ಡ ಹೆಸರು ನಾರ್ಮನ್ ಥೆಲ್‌ವೆಲ್ (೧೯೨೩–೨೦೦೪). ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದು ದೆಹಲಿಯಲ್ಲಿ ಸೈನ್ಯದ ಪತ್ರಿಕೆಯೊಂದರ ಕಲಾ ಸಂಪಾದಕನಾಗಿದ್ದವನು. ೧೯೫೩ರಲ್ಲಿ ಪಂಚಿನಲ್ಲಿ ಅವನ ಮೊದಲ ತಟ್ಟುಗುದುರೆಯ ಚಿತ್ರ ಬಂತು. ಓದುಗರ ಪತ್ರಗಳ ಸುರಿಮಳೆಯಾಯಿತು. ದುಂಡಗೆ, ಕೂದಲು ತುಂಬಿ, ಕಣ್ಣು ಕಾಣದಂತೆ ಜೂಲು ಇಳಿಬಿಟ್ಟ ತಟ್ಟು. ಅದರ ಮೇಲೆ ಅಷ್ಟೇ ದುಂಡಗಿನ, ಸೋಲೊಪ್ಪದ ಪುಟ್ಟ ಹುಡುಗಿ. ಇನ್ನೂರು ವರ್ಷಗಳ ಹಿಂದೆ ಬನ್‌ಬರಿ ಬರೆದ ಜೋಡಿಯೇ ಇದು. ಪ್ರಭುಗಳ ಜಾಗದಲ್ಲಿ ಮಧ್ಯಮವರ್ಗದ ಮಗು ಬಂದಿದೆ. ಬೇಟೆ ಹಿಂದೆ ಸರಿದು ಸವಾರಿಯ ಗೆಳೆತನವೊಂದೇ ಉಳಿದಿದೆ. ಈ ಹಾಸ್ಯದಲ್ಲಿ ಯಾವ ಜೀವಕ್ಕೂ ನೋವಿಲ್ಲ.

ಕಾಣದ ನರಿ

ಹಾಗಾದರೆ ಮಿಕ್ಕವುಗಳಲ್ಲಿ ನೋವಿತ್ತೇ? ಇತ್ತು, ಅದು ಚಿತ್ರದಲ್ಲಿ ಇರಲಿಲ್ಲ. ಈ ನಗೆಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕುದುರೆಗೆ ಮುಖವಿದೆ, ನಾಯಿಗೆ ಮುಖವಿದೆ, ಬಿದ್ದವನಿಗೂ ಬೇಲಿಯಾಚೆ ನಿಂತು ನಗುವ ರೈತನಿಗೂ ಮುಖವಿದೆ. ಯಾವುದಕ್ಕಾಗಿ ಇಷ್ಟೆಲ್ಲ ಸಂಭ್ರಮವೋ ಆ ನರಿ ದೂರದ ದಿಣ್ಣೆಯ ಮೇಲೆ ಒಂದು ಕೆಂಪು ಚುಕ್ಕೆ. ಅನೇಕ ಚಿತ್ರಗಳಲ್ಲಿ ಅದೂ ಇಲ್ಲ.

ನರಿ ಪೀಡೆ, ಅದನ್ನು ಕೊಲ್ಲುವುದು ಲೋಕೋಪಕಾರವೆಂಬುದು ಬೇಟೆಯವರ ವಾದ. ಆದರೆ ನರಿಗಳು ಬದುಕಿ ಬೆಳೆಯಲೆಂದು ಅವರೇ ಪೊದೆಗಳನ್ನು ನೆಟ್ಟರು. ಸಾಲದಾದಾಗ ಯೂರೋಪಿನಿಂದ ತರಿಸಿದ ನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಲೆಡನ್‌ಹಾಲ್ ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. ಬೇಟೆಯ ಹಿಂದಿನ ರಾತ್ರಿ ಆಳುಗಳು ನರಿಯ ಬಿಲಗಳ ಬಾಯಿ ಮುಚ್ಚುತ್ತಿದ್ದರು, ಓಡಿಬಂದ ಪ್ರಾಣಿಗೆ ಮನೆಯ ಬಾಗಿಲು ತೆರೆದಿರದಂತೆ.

ಇನ್ನೊಂದು ಸಂಗತಿ. ೧೮೨೧ರಲ್ಲಿ ಆಲ್ಕೆನ್ ಬ್ರಿಟನ್ನಿನ ರಾಷ್ಟ್ರೀಯ ಕ್ರೀಡೆಗಳನ್ನು ಕುರಿತ ದೊಡ್ಡ ಗ್ರಂಥಕ್ಕೆ ಚಿತ್ರ ಬರೆದ. ಅದರಲ್ಲಿ ನರಿಬೇಟೆಯೂ, ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಡುವ ಆಟವೂ, ಕೋಳಿಯ ಅಂಕವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ೧೮೩೫ರಲ್ಲಿ ಪಾರ್ಲಿಮೆಂಟು ಗೂ‍ಳಿಯ ಆಟವನ್ನೂ ಕೋಳಿ ಅಂಕವನ್ನೂ ಕ್ರೌರ್ಯವೆಂದು ನಿಷೇಧಿಸಿತು. ಅವು ಬಹುಮಟ್ಟಿಗೆ ಬಡವರು ಸೇರುತ್ತಿದ್ದ ಆಟಗಳು. ನರಿಬೇಟೆ ಇಂಗ್ಲೆಂಡಿನಲ್ಲಿ ಮುಂದೆ ನೂರೆಪ್ಪತ್ತು ವರ್ಷ ಉಳಿಯಿತು. ೧೮೬೯ರಲ್ಲಿ ಇತಿಹಾಸಕಾರ ಫ್ರೀಮನ್ ಇದನ್ನು ನೀತಿಯ ದೃಷ್ಟಿಯಿಂದ ಖಂಡಿಸಿ ಬರೆದಾಗ, ಬೇಟೆಪ್ರಿಯನಾದ ಕಾದಂಬರಿಕಾರ ಟ್ರಾಲಪ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟ. ವಾದ ಮುಗಿಯಲಿಲ್ಲ. ಕೊನೆಗೆ ಸ್ಕಾಟ್ಲೆಂಡ್ ೨೦೦೨ರಲ್ಲಿ ಕಾನೂನು ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸಿಗೆ ಸಂಬಂಧಿಸಿದ ಕಾನೂನು ೨೦೦೪ರ ನವೆಂಬರಿನಲ್ಲಿ ಆಗಿ, ೨೦೦೫ರ ಫೆಬ್ರವರಿ ೧೮ರಂದು ಜಾರಿಗೆ ಬಂತು. ಥೆಲ್‌ವೆಲ್ ತೀರಿಕೊಂಡದ್ದೂ ೨೦೦೪ರಲ್ಲಿಯೇ.

ಬೇಟೆ ಅಷ್ಟು ಕಾಲ ಉಳಿಯಲು ಪ್ರಭುಗಳ ಬಲವೇ ಮುಖ್ಯ ಕಾರಣ, ನಿಜ. ಆದರೆ ಈ ನಗೆಚಿತ್ರಗಳ ಪಾಲೂ ಅದರಲ್ಲಿದೆಯೆಂದು ನನ್ನ ಭಾವನೆ. ತನ್ನನ್ನು ತಾನೇ ನಗುವ ಅಧಿಕಾರವನ್ನು ದ್ವೇಷಿಸುವುದು ಕಷ್ಟ. ಕೆಸರಿಗೆ ಬಿದ್ದು ಟೋಪಿ ಹುಡುಕುವ ಪ್ರಭುವನ್ನು ನೋಡಿ ನಕ್ಕವನು ಅವನು ತುಳಿದ ಗೋಧಿಯ ಹೊಲವನ್ನು ಅರ್ಧ ಮರೆಯುತ್ತಾನೆ. ಹಾಗೆಂದು ಈ ಚಿತ್ರಗಳನ್ನು ಸುಳ್ಳೆಂದು ಎಸೆಯಲಾಗದು. ಕಂಚಿನ ಪ್ರತಿಮೆ ಹೇಳದ ಒಂದು ಸತ್ಯವನ್ನು ಅವು ಹೇಳಿದವು: ಮನುಷ್ಯ ತಾನು ಏರಿದ್ದಕ್ಕೆಲ್ಲ ಒಡೆಯನಲ್ಲ, ಅಂತಸ್ತು ಜೀನಿನ ಮೇಲಿರುವಷ್ಟು ಹೊತ್ತು ಮಾತ್ರ. ನೆಲ ಎಲ್ಲರಿಗೂ ಒಂದೇ.

ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಒಂದು ಇದ್ದಲ್ಲಿ ಇನ್ನೊಂದು ನಿಲ್ಲಲಾರದು. ಆಲ್ಕೆನ್ನನಿಗೂ ಲೀಚನಿಗೂ ಈ ಸೂತ್ರ ಗೊತ್ತಿರಲಿಲ್ಲ; ಆದರೆ ಅವರ ಕೈಗೆ ಗೊತ್ತಿತ್ತು. ಚಿತ್ರದ ಚೌಕಟ್ಟಿನೊಳಗೆ ನರಿ ಒಮ್ಮೆ ಮುಖ ತಿರುಗಿಸಿ ನೋಡಿದ್ದರೆ ಆ ನಗೆ ಅಲ್ಲಿಗೇ ನಿಲ್ಲುತ್ತಿತ್ತು. ಆದ್ದರಿಂದಲೇ ಅವರು ಅದನ್ನು ದಿಣ್ಣೆಯಾಚೆಗೆ ಓಡಿಸಿದರು. ಇಂದು ಆ ಚಿತ್ರಗಳನ್ನು ನೋಡುವ ನಾವು ಬೀಳುವ ಸವಾರನನ್ನು ಕಂಡು ನಗೋಣ; ನಗೆಗೆ ಅವನು ಅರ್ಹ. ನಕ್ಕು ಮುಗಿದ ಮೇಲೆ ಆ ದಿಣ್ಣೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ಚಿತ್ರವನ್ನು ಪೂರ್ತಿಯಾಗಿ ನೋಡಿದಂತಾಗುತ್ತದೆ.